ಕಣದಲ್ಲಿ ಮಲಗಿದವನು, ಕಣ ಸಾರಿಸಿದವಳು

ಸಂಸಾರದ ತೊಂದರೆ ಹೇಳಿಕೊಂಡು ಬರುವವರ ಜೊತೆ ಕೂತು ಮಾತಾಡುವ ಆಪ್ತಸಲಹೆಗಾರ್ತಿ ನಾನು. ಮೊದಲೇ ಒಂದು ಮಾತು. ಈ ಪ್ರಕರಣದಲ್ಲಿ ಯಾರ ಹೆಸರೂ ಇಲ್ಲ. ಗಂಡ, ಹೆಂಡತಿ, ಅಕ್ಕ, ಅಮ್ಮ ಅಂತಲೇ ಬರೆಯುತ್ತೇನೆ. ಊರು ತುಮಕೂರು ಜಿಲ್ಲೆಯದ್ದೇ, ಗುಬ್ಬಿ-ತಿಪಟೂರು ಕಡೆ ಅಂದುಕೊಳ್ಳಿ. ಅದಕ್ಕಿಂತ ಹತ್ತಿರ ಕರೆದುಕೊಂಡು ಹೋಗಲ್ಲ. ಕೆಲಸ, ವಯಸ್ಸು, ಇನ್ನೂ ಕೆಲವು ಗುರುತು ಬದಲಿಸಿದ್ದೇನೆ. ನಾಲ್ಕೂ ಜನರಿಗೆ ಓದಿ ಹೇಳಿ, ಅವರು ಒಪ್ಪಿದ ಮೇಲೆ ಬರೆದದ್ದು ಇದು. ಅಮ್ಮ ಮಾತ್ರ "ಇದ್ರಲ್ಲಿ ಬರೆಯೋಕೆ ಏನೈತೆ" ಅಂದರು.

ಮೊದಲು ಬಂದವರು ಹೆಂಡತಿ. ಒಬ್ಬರೇ ಬಂದಿದ್ದರು. ಧಾರವಾಡ ಜಿಲ್ಲೆಯ ಕುಂದಗೋಳ ಕಡೆಯವರು. ಕುರ್ಚಿಯಲ್ಲಿ ಕೂರುವ ಮೊದಲೇ ಮಾತು ಶುರು ಮಾಡಿದರು.

"ನಮ್ಮ ಮನೀಯವರಿಗೆ ಊರಿನ ಹುಚ್ಚು ಹಿಡದೈತ್ರಿ ಮೇಡಂ. ಕುಡಿಯೂದಿಲ್ಲ, ಬಡಿಯೂದಿಲ್ಲ. ಆದ್ರ ಮನ್ಯಾಗ ಯಾರಿಗೂ ಉಸರಾಡಾಕ ಆಗವಲ್ದು."

ಗಂಡನಿಗೆ ನಲವತ್ತು ದಾಟಿದೆ. ಹದಿನಾಲ್ಕು ವರ್ಷ ಗುರುಗ್ರಾಮದಲ್ಲಿ ಕೆಲಸ ಮಾಡಿ 2021ರಲ್ಲಿ ವಾಪಸ್ ಬಂದರು. ತುಮಕೂರಿನಲ್ಲಿ ಮನೆ. ವಾರಕ್ಕೆರಡು ದಿನ ಬೆಂಗಳೂರಿಗೆ ರೈಲಲ್ಲಿ ಹೋಗಿ ಬರುತ್ತಾರೆ, ಉಳಿದ ದಿನ ಮನೆಯಿಂದಲೇ ಕೆಲಸ. ಹದಿಮೂರು ವರ್ಷದ ಮಗಳು, ಒಂಬತ್ತು ವರ್ಷದ ಮಗ. ಪ್ರತಿ ಶನಿವಾರ ಬೆಳಿಗ್ಗೆ ಆರು ಗಂಟೆಗೆ ಇಡೀ ಸಂಸಾರ ಕಾರು ಹತ್ತಿ ಹಳ್ಳಿಗೆ ಹೋಗಬೇಕು. ಪರೀಕ್ಷೆ ಇರಲಿ, ಜ್ವರ ಇರಲಿ, ವಿನಾಯಿತಿ ಇಲ್ಲ. ಮಕ್ಕಳ ಕೋಣೆಯ ಗೋಡೆಗೆ ಅಪ್ಪ ಒಂದು ದೊಡ್ಡ ಪಟ್ಟಿ ಅಂಟಿಸಿದ್ದಾರೆ. ಏಕೀಕರಣ 1956, ಕರ್ನಾಟಕ ಅಂತ ಹೆಸರಾದದ್ದು 1973, ರಾಜ್ಯ ಪಕ್ಷಿ ನೀಲಕಂಠ, ರಾಜ್ಯ ಮರ ಶ್ರೀಗಂಧ, ಎಂಟು ಜ್ಞಾನಪೀಠ. ಊಟಕ್ಕೆ ಕೂತಾಗ ಅದರಿಂದ ಪ್ರಶ್ನೆ. ತಪ್ಪು ಹೇಳಿದರೆ ಕೂಗಾಡಲ್ಲ, ಒಂದು ನಿಟ್ಟುಸಿರು ಬಿಡುತ್ತಾರೆ. "ಬೈದ್ರ ಛಲೋ ಇತ್ತರಿ" ಅಂದರು ಹೆಂಡತಿ.

ಇಷ್ಟಾದರೆ ನನ್ನ ತನಕ ಬರುತ್ತಿರಲಿಲ್ಲ. ಎರಡು ಸಂಗತಿ ನಡೆದಿತ್ತು. ಒಂದು, ಹಳ್ಳಿಯಲ್ಲಿ ಬೀಗ ಹಾಕಿರುವ ಹಳೇ ಮನೆಯನ್ನು "ಇದ್ದಂಗೇ" ಎಬ್ಬಿಸಬೇಕು ಅಂತ ಗಂಡ ಹದಿನೆಂಟು ಲಕ್ಷದ ಸಾಲಕ್ಕೆ ಅರ್ಜಿ ಹಾಕಿದ್ದರು, ಹೆಂಡತಿಗೆ ಹೇಳದೆ. ಮಣ್ಣಿನ ಗೋಡೆ, ನಾಡಹೆಂಚು, ಅಟ್ಟ, ಸೌದೆ ಒಲೆ, ಎಲ್ಲ ಮೊದಲಿನ ಹಾಗೇ ಆಗಬೇಕು. ಎರಡು, ಒಂದು ಶುಕ್ರವಾರ ರಾತ್ರಿ ಮಗಳು ನಾಳೆ ಗೆಳತಿಯ ಹುಟ್ಟುಹಬ್ಬ, ಊರಿಗೆ ಬರಲ್ಲ ಅಂದಳು. ಅವಳ ಮುಂದೆ ನೂಡಲ್ಸ್ ತಟ್ಟೆ ಇತ್ತು. ಅಪ್ಪ ತಟ್ಟೆ ಎತ್ತಿಕೊಂಡು ಹೋಗಿ ಹಿತ್ತಲಿಗೆ ಸುರಿದು ಬಂದರು. "ಈ ನೆಲದಲ್ಲಿ ನಿಮಗೆ ಬೇರುಗಳೇ ಇಲ್ಲ" ಅಂದರು. ಹುಡುಗಿ ಅಳಲಿಲ್ಲ. "ನಿಂದು ಬಾಲ್ಯ ಅಲ್ಲಪ್ಪ, ಸಿಲಬಸ್ಸು" ಅಂದಳು. ಅವರು ಎರಡು ದಿನ ಊಟ ಬಿಟ್ಟರು.

ಮುಂದಿನ ವಾರ ಅವರೇ ಬಂದರು. "ನನಗೇನೂ ಆಗಿಲ್ಲ ಮೇಡಂ, ಮನೆಯವಳ ಸಮಾಧಾನಕ್ಕೆ ಬಂದಿದ್ದೀನಿ" ಅಂತ ಶುರುವಾಯಿತು. ಹೀಗೆ ಹೇಳಿಕೊಂಡು ಬರುವ ಗಂಡಸರನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ಇವರು ಮಾತಾಡುತ್ತಾ ಹೋದ ಹಾಗೆ ನನಗೇ ಪೆನ್ನು ಕೆಳಗಿಡುವ ಹಾಗಾಯಿತು. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತದ್ದು. ಅಟ್ಟದ ಮೇಲೆ ಕಾಯಿ ಒಣಗಿ ಕೊಬ್ಬರಿಯಾಗುವುದಕ್ಕೆ ಹತ್ತು-ಹನ್ನೊಂದು ತಿಂಗಳು ಕಾಯುವುದು, ಒಂದೊಂದೇ ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ಒಳಗಿನ ಉಂಡೆ ಕಟಕಟ ಅನ್ನುತ್ತದಾ ಅಂತ ಕೇಳುವುದು. ಸಂಕ್ರಾಂತಿಗೆ ದನ ಕಿಚ್ಚು ಹಾಯಿಸುವುದು. ಅವರೆಕಾಯಿ ಕಾಲದಲ್ಲಿ ಕೈಗೆಲ್ಲ ಅಂಟುವ ಸೊಗಡು.

ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳಬೇಕು. ನಾನು ಮಧುಗಿರಿ ಕಡೆಯವಳು. ಸೊಗಡಿನ ಮಾತು ಬಂದ ಕೂಡಲೇ ಹಿತಕಿದ ಬೇಳೆ ಸಾರಿನ ವಿಷಯಕ್ಕೆ ನಾನೂ ಇಳಿದುಬಿಟ್ಟೆ. ಗಡಿಯಾರ ನೋಡಿದಾಗ ಅರ್ಧ ಗಂಟೆ ಹೋಗಿತ್ತು. ಅವರು ಖುಷಿಯಾಗಿ ಎದ್ದು ಹೋದರು. ನನ್ನ ಪುಸ್ತಕದಲ್ಲಿ ಒಂದು ಸಾಲೂ ಬರೆದಿರಲಿಲ್ಲ. ನೆನಪು ಅಂದರೆ ಹಾಗೇ, ಎದುರಿಗೆ ಕೂತವರನ್ನೂ ಎಳೆದುಕೊಳ್ಳುತ್ತದೆ. ಈ ಮನುಷ್ಯ ಮನೆಯಲ್ಲಿ ಯಾಕೆ ಸೋಲುತ್ತಿದ್ದಾರೆ ಅನ್ನುವುದು ಮಾತ್ರ ಆವತ್ತು ನನಗೆ ಅರ್ಥವಾಗಲಿಲ್ಲ. ಇಷ್ಟು ಚೆನ್ನಾಗಿ ಹೇಳುವವರ ಮಾತನ್ನು ಮಕ್ಕಳು ಯಾಕೆ ಕೇಳಲ್ಲ?

ಎರಡನೇ ಸಲ ಪೆನ್ನು ಬಿಡಲಿಲ್ಲ. ನಿದ್ದೆ, ಊಟ, ಕೆಲಸ, ಕುಡಿತ, ಸಾಯಬೇಕು ಅನ್ನುವ ಯೋಚನೆ, ಎಲ್ಲ ಕೇಳಿದೆ. ನಿದ್ದೆ ಸರಿ ಇತ್ತು. ಕೆಲಸದಲ್ಲಿ ತೊಂದರೆ ಇಲ್ಲ. ನಗುವುದು, ಸಿನಿಮಾ ನೋಡುವುದು ಬಿಟ್ಟಿಲ್ಲ. ಊರಿನ ಹಂಬಲ ಕಾಯಿಲೆ ಅಲ್ಲ. ಒಂದು ಕಾಲದಲ್ಲಿ ಕಾಯಿಲೆ ಅಂತಲೇ ಅಂದುಕೊಂಡಿದ್ದರು. 1688ರಲ್ಲಿ ಯೋಹಾನ್ನೆಸ್ ಹೋಫರ್ ಅನ್ನುವ ಸ್ವಿಸ್ ವೈದ್ಯ ಮನೆಗೆ ಮರಳುವುದು, ನೋವು ಅನ್ನುವ ಎರಡು ಗ್ರೀಕ್ ಪದ ಸೇರಿಸಿ ನಾಸ್ಟಾಲ್ಜಿಯಾ ಅಂತ ಹೆಸರಿಟ್ಟ. ಊರು ಬಿಟ್ಟು ದೂರ ಹೋದವರಿಗೆ ಬರುವ ರೋಗ ಅದು ಅಂತ ಅವನ ಲೆಕ್ಕ. ನಮ್ಮಲ್ಲಿ ಹಳಹಳಿಕೆ ಅಂತ ಒಳ್ಳೆ ಮಾತೇ ಇದೆ, ಅದರಲ್ಲಿ ರೋಗದ ವಾಸನೆ ಇಲ್ಲ. ಆದರೆ ವಾರಗಟ್ಟಲೆ ನಿದ್ದೆ ಕೆಟ್ಟು, ಯಾವುದರಲ್ಲೂ ಮನಸ್ಸಿಲ್ಲದೆ, ಹಳೆಯದನ್ನು ನೆನೆದು ಅಳುವುದೇ ಆಗಿದ್ದರೆ ಅದು ಬೇರೆ. ಅಂಥವರನ್ನು ನಾನು ಮಾತಿನಲ್ಲಿ ಹಿಡಿದಿಟ್ಟುಕೊಳ್ಳಲ್ಲ, ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಇವರಿಗೆ ಅದು ಬೇಕಿರಲಿಲ್ಲ.

ಹಾಗಾದರೆ ಏನು? ಅಪ್ಪ ತೀರಿಕೊಂಡ ದುಃಖ ಇರಬೇಕು ಅಂತ ನಾನು ಮೊದಲು ಊಹಿಸಿದೆ. ದೂರದಲ್ಲಿದ್ದ ಮಗ, ಊರಲ್ಲಿ ಹೋದ ಅಪ್ಪ, ನಮ್ಮ ಕಸುಬಿನವರಿಗೆ ಸಲೀಸಾಗಿ ಸಿಗುವ ಉತ್ತರ. ಕೇಳಿದೆ. 2014ರಲ್ಲಿ ಅಪ್ಪ ಹೋದಾಗ ಇವರು ಪಕ್ಕದಲ್ಲೇ ಇದ್ದರು. ಹದಿನೈದು ದಿನ ಊರಲ್ಲಿದ್ದು ತಿಥಿ ಮುಗಿಸಿ, ಅತ್ತು, ಹೋಗಿದ್ದರು. ಅಪ್ಪನ ಬಗ್ಗೆ ನಗುತ್ತಾ ಮಾತಾಡುತ್ತಾರೆ. ನನ್ನ ಊಹೆ ಸುಳ್ಳು.

ಆಗ ಒಂದು ಕೆಲಸ ಕೊಟ್ಟೆ. ಬಾಲ್ಯ ಅಂತೆಲ್ಲ ಬೇಡ, ಒಂದೇ ಒಂದು ದಿನ ಬರೆದುಕೊಂಡು ಬನ್ನಿ ಅಂದೆ. ನಿಮಗೆ ಯಾವುದು ಜಾಸ್ತಿ ಇಷ್ಟವೋ ಆ ದಿನ. ಬೆಳಗಿನಿಂದ ರಾತ್ರಿವರೆಗೆ. ನಿಯಮ ಒಂದೇ. ಆ ದಿನ ಮನೆಯಲ್ಲಿದ್ದ ಪ್ರತಿಯೊಬ್ಬರೂ ಪ್ರತಿ ಹೊತ್ತಲ್ಲೂ ಎಲ್ಲಿದ್ದರು, ಏನು ಮಾಡುತ್ತಿದ್ದರು ಅಂತ ಬರೆಯಬೇಕು. ಯಾರು ಮೊದಲು ಎದ್ದರು, ನೀರು ಯಾರು ತಂದರು, ಕೊನೆಗೆ ಊಟ ಮಾಡಿದ್ದು ಯಾರು.

ಅವರು ಆರಿಸಿಕೊಂಡದ್ದು ರಾಗಿ ಕಣದ ದಿನ. ನಾಲ್ಕು ಹಾಳೆ ತುಂಬ ಬರೆದಿದ್ದರು, ಚೆಂದದ ಅಕ್ಷರ. ಮೆದೆ ಬಿಚ್ಚಿ ಹರಡಿದ್ದು, ಕಲ್ಲುಗುಂಡಿಗೆ ಎತ್ತು ಕಟ್ಟಿ ಸುತ್ತಿಸಿದ್ದು, ಅದರ ಹಿಂದೆ ಇವರು ಓಡಿದ್ದು. ಸಂಜೆ ಗಾಳಿಗೆ ತೂರಿದ್ದು. ರಾಶಿ ಪೂಜೆ. ರಾತ್ರಿ ಅಪ್ಪನ ಪಕ್ಕ ಹುಲ್ಲಿನ ಮೇಲೆ ಕಂಬಳಿ ಹೊದ್ದು ಕಾವಲು ಮಲಗಿದ್ದು, ಅಪ್ಪ ನಕ್ಷತ್ರ ತೋರಿಸಿದ್ದು. ಅಮ್ಮ, ಅಕ್ಕ ಬರಬೇಕಾದ ಕಡೆ ಮಾತ್ರ ಬರವಣಿಗೆ ತೆಳ್ಳಗಾಗಿತ್ತು. "ಅಮ್ಮ ಅಡುಗೆ ಮಾಡುತ್ತಿದ್ದಳು." "ಬುತ್ತಿ ಬಂತು." ಅಕ್ಕನ ಕಾಲಂ ಪೂರ್ತಿ ಖಾಲಿ.

"ಬುತ್ತಿ ಬಂತು ಅಂದ್ರೆ ಹೇಗೆ ಬಂತು, ಕಾಲಿತ್ತಾ ಅದಕ್ಕೆ?" ಅಂತ ಕೇಳಿದೆ. ಸ್ವಲ್ಪ ಖಾರವಾಗೇ ಕೇಳಿದೆ ಅನ್ನಿಸುತ್ತದೆ. ಅವರು ಹಾಳೆ ನೋಡುತ್ತಾ ಕೂತರು. ಆಮೇಲೆ "ಅಕ್ಕನ್ನ ಕೇಳ್ಬೇಕು" ಅಂದರು.

ಅಕ್ಕ ಮೂರು ವರ್ಷ ದೊಡ್ಡವರು. ಪಕ್ಕದೂರಿಗೇ ಮದುವೆಯಾಗಿದ್ದಾರೆ. ಅಮ್ಮ ಇರುವುದೂ ಅವರ ಮನೆಯಲ್ಲೇ, ಹತ್ತು ವರ್ಷದಿಂದ. ನಾಲ್ಕನೇ ಭೇಟಿಗೆ ತಮ್ಮನೇ ಕರೆದುಕೊಂಡು ಬಂದರು. ಬಸ್ಸಿಗೆ ಹೊರಟವರ ಹಾಗೆ ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತರು. ಚೀಲದಲ್ಲಿ ನನಗೆ ಅಂತ ಎರಡು ಸುಲಿದ ಕಾಯಿ.

ಕಣದ ದಿನದ ಬಗ್ಗೆ ಕೇಳಿದಾಗ ಮೊದಲು ನಕ್ಕರು. "ಕಣ ಅಂದ್ರೆ ನನಗೆ ಸೊಂಟನೋವು ಮೇಡಂ. ಒಂದು ವಾರ ಮುಂಚೆಯಿಂದ ನಾನೂ ಅಮ್ಮನೂ ಸಗಣಿ ಬಾಚಿ ಬಾಚಿ ಕಣ ಸಾರಿಸ್ಬೇಕು. ಒಣಗಿ ಬಿರುಕು ಬಿಟ್ರೆ ಇನ್ನೊಂದು ಸಲ. ರಾಗಿ ಕಾಳು ಬಿರುಕಿಗೆ ಹೋದ್ರೆ ಅಪ್ಪ ಬೈಯೋರು." ಬುತ್ತಿ ತಂದದ್ದೂ ಅವರೇ. ಕತ್ತಲೆಯಲ್ಲಿ, ಲಾಟೀನು ಹಿಡಿದು, ಹುಣಸೆಮರದ ಕೆಳಗೆ ಕಣ್ಣು ಮುಚ್ಚಿಕೊಂಡು ಓಡಿ. ವಾಪಸ್ ಹೋಗಿ ಪಾತ್ರೆ ತೊಳೆದು ಮಲಗುವ ಹೊತ್ತಿಗೆ ತಮ್ಮನಿಗೆ ಕಣದಲ್ಲಿ ಎರಡು ನಿದ್ದೆ ಆಗಿರುತ್ತಿತ್ತು. "ಒಂದು ವರ್ಷ ನಾನು ದೊಡ್ಡವಳಾಗಿದ್ದೆ. ರಾಶಿ ಪೂಜೆಗೆ ಹತ್ರ ಬರಬೇಡ ಅಂದ್ರು. ನಾನು ಸಾರಿಸಿದ ಕಣ. ದೂರದಿಂದ ನೋಡ್ದೆ."

ಬಾವಿಯ ಈಜು? "ಇವನು ಈಜ್ತಿದ್ದ. ನಾನು ಮೇಲೆ ಕಲ್ಲಿನ ಮೇಲೆ ಇವನ ಬಟ್ಟೆ ಹಿಡ್ಕೊಂಡು ನಿಂತಿರ್ತಿದ್ದೆ. ಮುಳುಗಿದ್ರೆ ಕೂಗೋಕೆ ಅಂತ ಅಮ್ಮ ಕಳಿಸ್ತಿದ್ಲು."

ಏಳನೇ ತರಗತಿಗೆ ಅಕ್ಕನ ಓದು ನಿಂತಿತು. ಹೈಸ್ಕೂಲು ಹೋಬಳಿಯಲ್ಲಿ, ಆರು ಕಿಲೋಮೀಟರು ದೂರ. ಒಬ್ಬಳೇ ಹೇಗೆ ಕಳಿಸೋದು ಅಂದರು. ಮೂರು ವರ್ಷ ಕಳೆದು ತಮ್ಮ ಹೈಸ್ಕೂಲಿಗೆ ಸೇರುವಾಗ ಕೊಬ್ಬರಿ ಮಾರಿದ ದುಡ್ಡಲ್ಲಿ ಸೈಕಲ್ ಬಂತು. "ಆಮೇಲೆ ಸರ್ಕಾರದೋರೇ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಟ್ರಲ್ಲ, ನನ್ನ ಮಗಳು ಅದ್ರಲ್ಲೇ ಹೋಗಿದ್ದು. ಅವಳು ಮೊದಲ್ನೇ ದಿನ ಸೈಕಲ್ ತಂದಾಗ ನಾನೇ ಮೂರು ಸುತ್ತು ಹೊಡೆದೆ" ಅಂದರು. ಆ ಯೋಜನೆ ಶುರುವಾದದ್ದು 2006-07ರಲ್ಲಿ. ಇವರಿಗೆ ಬೇಕಾಗಿದ್ದು ತೊಂಬತ್ತೊಂದರಲ್ಲಿ.

ತಮ್ಮ ತಲೆ ಎತ್ತಲಿಲ್ಲ. ನಾನು ಅಕ್ಕನನ್ನು ಕೇಳಿದೆ, ತಮ್ಮನ ಮೇಲೆ ಕೋಪ ಇದೆಯಾ ಅಂತ.

"ಕೋಪ ಏನಿಲ್ಲ. ಅವನೂ ಮಗುನೇ ಅಲ್ವಾ ಆಗ. ನಮ್ಮ ಬಾಲ್ಯ ಎಷ್ಟು ಚೆನ್ನಾಗಿತ್ತು ಅಂತ ಎಲ್ರ ಮುಂದೆ ಹೇಳ್ತಾನೆ. ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದ್ರೆ 'ನಮ್ಮ' ಅಂತಾನಲ್ಲ, ಅದು ಕೇಳಿದಾಗ ಒಂಥರಾ ಆಗುತ್ತೆ."

ಆವತ್ತು ನಾನು ಇನ್ನೇನೂ ಸೇರಿಸಲಿಲ್ಲ. ಸೇರಿಸುವುದಕ್ಕೆ ಇರಲೂ ಇಲ್ಲ. ಮಕ್ಕಳು ಯಾಕೆ ಕೇಳಲ್ಲ ಅಂತ ಮೊದಲ ದಿನ ಎದ್ದ ಪ್ರಶ್ನೆಗೂ ಉತ್ತರ ಇಲ್ಲೇ ಸಿಕ್ಕಿತು. ಇವರು ಹೇಳುವ ಕತೆಯಲ್ಲಿ ಯಾರಿಗೂ ಕಷ್ಟವಿಲ್ಲ, ಯಾರೂ ತಪ್ಪು ಮಾಡಲ್ಲ, ಯಾರೂ ಹೆದರಲ್ಲ. ಎಲ್ಲ ಹಬ್ಬ. ಹದಿಮೂರರ ಹುಡುಗಿ ಅಂಥದ್ದನ್ನು ನಂಬಲ್ಲ. ಹುಣಸೆಮರದ ಕೆಳಗೆ ಕಣ್ಣು ಮುಚ್ಚಿ ಓಡಿದ ಅತ್ತೆಯ ಕತೆಯಾದರೆ ಅವಳೂ ಕಿವಿ ಕೊಡುತ್ತಾಳೆ.

ಹೆಂಡತಿಯ ಮಾತಿಗೂ ಬರಬೇಕು. ಇವರದ್ದು ಪ್ರೀತಿಸಿ ಆದ ಮದುವೆ. ದೆಹಲಿಯ ಆರ್.ಕೆ. ಪುರದ ಕರ್ನಾಟಕ ಸಂಘದಲ್ಲಿ ಒಂದು ರಾಜ್ಯೋತ್ಸವದ ದಿನ ಪರಿಚಯ. ನವದೆಹಲಿ ನಿಲ್ದಾಣದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಅನ್ನುವ ಹಲಗೆ ಓದಿದರೇ ಕಣ್ಣು ತುಂಬುತ್ತಿದ್ದ ಹುಡುಗನಿಗೆ ಈಕೆಯ ಧಾರವಾಡದ ಮಾತು ಅಮೃತದ ಹಾಗೆ ಕೇಳಿತ್ತಂತೆ. ಈಗ ಮಗ "ಹೌದ್ರಿ" ಅಂದರೆ "ಹೌದು ಅನ್ನು" ಅಂತ ತಿದ್ದುತ್ತಾರೆ. ರೊಟ್ಟಿ ಮಾಡಿದ ದಿನ "ಮುದ್ದೆ ಇಲ್ವಾ" ಅಂತ ಕೇಳುತ್ತಾರೆ. ಇಬ್ಬರನ್ನೂ ಕೂರಿಸಿದ ದಿನ ಹೆಂಡತಿ ನೇರವಾಗಿ ಗಂಡನಿಗೇ ಹೇಳಿದರು.

"ದಿಲ್ಯಾಗ ನನ್ನ ಕನ್ನಡ ಕೇಳಿದ್ರ ಜೀವ ತಂಪಾಗ್ತೈತಿ ಅಂತಿದ್ರಿ. ತುಮಕೂರಿಗೆ ಬಂದಮ್ಯಾಲೆ ಅದು ಅಶುದ್ಧ ಆತೇನ್ರಿ? ನಂದೂ ಕರ್ನಾಟಕಾನ. 1956ರ ತನಕ ನಮ್ಮ ಅಜ್ಜ ಮುಂಬೈ ರಾಜ್ಯದಾಗ ಇದ್ದ, ನಿಮ್ಮ ಅಜ್ಜ ಮೈಸೂರಾಗ ಇದ್ದ. ಅದನ್ನ ಪಟ್ಟಿ ಮ್ಯಾಲೆ ನೀವ ಬರದೀರಿ. ಒಂದಾಗಿದ್ದು ಅಂದ್ರ ಏನು ಅಂತ ಮಕ್ಕಳಿಗೆ ಕೇಳೂದಲ್ಲ, ನಿಮಗ ಕೇಳಬೇಕು."

ಗಂಡ ನಕ್ಕುಬಿಟ್ಟರು. ನನಗೂ ನಗು ತಡೆಯಲಾಗಲಿಲ್ಲ. ನಾಡಿನ ಪ್ರೀತಿ ಅನ್ನುತ್ತಾ ಅವರು ಹಿಡಿದುಕೊಂಡಿದ್ದದ್ದು ಗುಬ್ಬಿ ಸುತ್ತಲಿನ ಹತ್ತು ಮೈಲಿ. ಅದರಲ್ಲಿ ತಪ್ಪಿಲ್ಲ, ಎಲ್ಲರ ಪ್ರೀತಿಯೂ ಶುರುವಾಗುವುದು ಅಷ್ಟರಲ್ಲೇ. ಹೆಂಡತಿಯ ಹತ್ತು ಮೈಲಿ ಅಳಿಸಿ ತಮ್ಮ ಹತ್ತು ಮೈಲಿ ಬರೆಯಲು ಹೊರಟಿದ್ದರು, ಅದು ತೊಂದರೆ.

ಈಗ ಮನೆಯ ವಿಷಯ. ಅಕ್ಕ ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಉಳಿದಿತ್ತು. ಅಪ್ಪ ಹೋದ ಮಾರನೇ ವರ್ಷ ತಮ್ಮನೇ ಅಕ್ಕನನ್ನು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದರು. ಒಂದು ರೇಷ್ಮೆ ಸೀರೆ ಕೊಟ್ಟರು, ಹೋಟೆಲಿನಲ್ಲಿ ಊಟ ಹಾಕಿಸಿದರು. ಆ ಮನೆ, ಆ ತೋಟ, ಆ ಬಾವಿ, ಎಲ್ಲದರಲ್ಲಿದ್ದ ತನ್ನ ಪಾಲು ಬಿಟ್ಟು ಅಕ್ಕ ಬಂದರು. ಹೆಣ್ಣುಮಕ್ಕಳು ಹೀಗೆ ಸಹಿ ಹಾಕುವುದು ನಮ್ಮ ಕಡೆ ಎಷ್ಟು ಸಾಮಾನ್ಯ ಅಂದರೆ, ಅದನ್ನು ಯಾರೂ ಒಂದು ಘಟನೆ ಅಂತಲೇ ಎಣಿಸಲ್ಲ. ತಮ್ಮನೂ ಎಣಿಸಿರಲಿಲ್ಲ.

ನಾನು ವಕೀಲೆ ಅಲ್ಲ. ಆದರೆ ಗೋಡೆಯ ಮೇಲಿನ ಆ ಪಟ್ಟಿಗೆ ಒಂದು ಸಾಲು ಸೇರಿಸಿ ಅಂತ ಅವರಿಗೆ ಹೇಳಿದೆ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಅಂತ ಇಡೀ ದೇಶಕ್ಕೆ ಕಾನೂನು ಬಂದದ್ದು 2005ರಲ್ಲಿ. ಆಂಧ್ರ, ತಮಿಳುನಾಡಿನ ನಂತರ ಕರ್ನಾಟಕ ಅದನ್ನು 1994ರಲ್ಲೇ ತಂದಿತ್ತು, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ. ನಿಮ್ಮ ಅಕ್ಕನ ಮದುವೆ ಯಾವಾಗ ಅಂತ ಕೇಳಿದೆ. "97" ಅಂದರು. ಹಾಗೆ ಅಂದು ಸುಮ್ಮನಾದರು. ರಾಜ್ಯದ ಹೆಮ್ಮೆಯ ಪಟ್ಟಿಗಳಲ್ಲಿ ನೀಲಕಂಠ ಇರುತ್ತದೆ, ಶ್ರೀಗಂಧ ಇರುತ್ತದೆ. ಇದನ್ನು ಬರೆದ ಪಟ್ಟಿ ನಾನು ಒಂದೂ ನೋಡಿಲ್ಲ.

ಸಲಹೆ ಅಂತ ನಾನು ಕೊಟ್ಟದ್ದು ಜಾಸ್ತಿ ಏನಲ್ಲ. ಸಾಲದ ಅರ್ಜಿ ಆರು ತಿಂಗಳು ನಿಲ್ಲಿಸಿ ಅಂದೆ. ಆ ಆರು ತಿಂಗಳಲ್ಲಿ ಮನೆ ಹೇಗಿರಬೇಕು ಅಂತ ಅಮ್ಮನನ್ನು ಕೇಳಿ. ಆ ಮನೆಯಲ್ಲಿ ನೀವು ಇದ್ದದ್ದು ಹದಿನೇಳು ವರ್ಷ, ಅವರು ಇದ್ದದ್ದು ನಲವತ್ತು. ಅಕ್ಕನ ಹತ್ತಿರ ಕ್ಷಮೆ ಕೇಳಬೇಕು ಅಂತ ಅವರೇ ತಯಾರಾಗಿದ್ದರು, ಕಣ್ಣಲ್ಲಿ ನೀರೂ ಇತ್ತು. ನಾನು ತಡೆದೆ. ಈಗ ಹೋಗಿ ಅತ್ತರೆ ಅಕ್ಕ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ, ಮತ್ತೆ ಅವರದ್ದೇ ಕೆಲಸ. ಬದಲಿಗೆ "ನಿನಗೆ ಏನು ಬೇಕಕ್ಕ" ಅಂತ ಕೇಳಿ, ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂತಿರಿ ಅಂದೆ. ಸಹಿ ಹಾಕಿದ ಪತ್ರದ ವಿಷಯಕ್ಕೆ ಅಕ್ಕ ಒಬ್ಬರೇ ಹೋಗಿ ವಿಚಾರಿಸಲಿ, ತಮ್ಮನ ವಕೀಲರ ಹತ್ತಿರ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಇದನ್ನು ಅಕ್ಕನಿಗೂ ನೇರವಾಗಿ ಹೇಳಿದೆ.

ಮಕ್ಕಳ ಬಗ್ಗೆ ಹೇಳಿದ್ದು ಇಷ್ಟೇ. ತಟ್ಟೆ ಸುರಿದದ್ದಕ್ಕೆ ಮಗಳ ಹತ್ತಿರ ತಪ್ಪಾಯ್ತು ಅನ್ನಿ, ಅದಕ್ಕೆ ಕಾರಣ ಜೋಡಿಸಬೇಡಿ. ಊರಿಗೆ ತಿಂಗಳಿಗೆ ಒಂದು ಸಲ ಸಾಕು. ಬರದವರನ್ನು ಬಿಟ್ಟು ಹೋಗಿ, ಮುಖ ಊದಿಸದೆ. ಊಟದ ಹೊತ್ತಿನ ಪ್ರಶ್ನೆ ಇವತ್ತಿಗೆ ಬಂದ್. ಕತೆ ಹೇಳಲೇಬೇಕು ಅನ್ನಿಸಿದರೆ ನೀವು ಸೋತದ್ದು, ಹೆದರಿದ್ದು, ಕಳ್ಳತನ ಮಾಡಿದ್ದು ಹೇಳಿ. "ಕಳ್ಳತನ ಮಾಡಿಲ್ಲ" ಅಂದರು. ಪಕ್ಕದ ತೋಟದ ಎಳನೀರು ಕೂಡ ಇಲ್ವಾ ಅಂದೆ. ಅದು ಕಳ್ಳತನ ಅಲ್ಲ ಅಂದರು. ನೋಡಿ, ಇದನ್ನೇ ಹೇಳಿ ಅಂದೆ.

ಸೀಗಿ ಹುಣ್ಣಿಮೆಗೆ ಹೆಂಡತಿಯ ಊರಿಗೆ ಹೋಗಬೇಕು ಅನ್ನುವುದು ನನ್ನ ಸಲಹೆ ಅಲ್ಲ, ಹೆಂಡತಿಯೇ ಹಾಕಿದ ಷರತ್ತು. ಮದುವೆಯಾಗಿ ಹದಿನೈದು ವರ್ಷದಲ್ಲಿ ಆ ಹಬ್ಬಕ್ಕೆ ಒಂದು ಸಲವೂ ಹೋಗಿರಲಿಲ್ಲ.

ಎಲ್ಲ ಸಲೀಸಾಗಿ ನಡೆಯಿತು ಅಂದರೆ ಸುಳ್ಳಾಗುತ್ತದೆ. ಮೊದಲ ತಿಂಗಳು ಅವರು ಶನಿವಾರ ಒಬ್ಬರೇ ಊರಿಗೆ ಹೋಗಿ ಬೀಗ ಹಾಕಿದ ಮನೆಯ ಜಗಲಿಯಲ್ಲಿ ಕೂತು ಬರುತ್ತಿದ್ದರು. "ನನ್ನಿಂದ ಎಲ್ಲ ಕಿತ್ಕೊಂಡ್ರಿ ಮೇಡಂ" ಅಂತ ಒಂದು ರಾತ್ರಿ ಮೆಸೇಜು ಕಳಿಸಿದರು. ನಾನು ಉತ್ತರ ಕೊಟ್ಟದ್ದು ಮಾರನೇ ದಿನ. ಕಣದ ರಾತ್ರಿ ಅಪ್ಪ ತೋರಿಸಿದ ನಕ್ಷತ್ರ ಹಾಗೇ ಇದೆ, ಅದು ಪೂರ್ತಿ ನಿಮ್ಮದು, ಅದನ್ನು ಯಾರೂ ಕೇಳಿಲ್ಲ ಅಂತ ಬರೆದೆ. ಅದು ಸಲಹೆಯೋ ಸಮಾಧಾನವೋ ನನಗೂ ಗೊತ್ತಿಲ್ಲ.

ಸೀಗಿ ಹುಣ್ಣಿಮೆಯಲ್ಲಿ ಕುಂದಗೋಳದ ಹೊಲದಲ್ಲಿ ಮಾವ ಚರಗ ಚೆಲ್ಲುವಾಗ, ಅಂದರೆ ಭೂಮಿತಾಯಿಗೆ ಎಡೆ ಚೆಲ್ಲುವಾಗ, ಇವರು ಹಿಂದೆ ಹಿಂದೆ ಓಡಾಡಿದರಂತೆ, ಚಿಕ್ಕ ಹುಡುಗನ ಹಾಗೆ. ಕರಿ ಮಣ್ಣು ಕಾಲಿಗೆ ಮೆತ್ತಿ ಚಪ್ಪಲಿ ಕಿತ್ತುಹೋಯಿತು. ಮಗಳು ಅದರ ವಿಡಿಯೋ ಮಾಡಿ ನಗುತ್ತಿದ್ದಳು ಅಂತ ಹೆಂಡತಿ ಹೇಳಿದರು. ನೂಡಲ್ಸ್ ವಿಷಯ ಅಪ್ಪ-ಮಗಳ ಮಧ್ಯೆ ಏನಾಯಿತು ಅಂತ ನಾನು ಕೇಳಲಿಲ್ಲ.

ಅಕ್ಕ ಕೇಳಿದ್ದು ದುಡ್ಡಲ್ಲ. ಎರಡು ವಿಷಯ ಕೇಳಿದರು. ಬಾವಿ ಪಕ್ಕದ ಎರಡು ತೆಂಗಿನ ಮರದ ಕಾಯಿ ತನಗೆ ಬರಬೇಕು, ಕೇಳಿ ಪಡೆಯುವ ಹಾಗಲ್ಲ, ತಾನೇ ಬಂದು ಕೆಡವಿಸಿಕೊಂಡು ಹೋಗುವ ಹಾಗೆ. ಇನ್ನೊಂದು, ವರ್ಷದಲ್ಲಿ ಮೂರು ತಿಂಗಳು ಅಮ್ಮನನ್ನು ತಮ್ಮ ಇಟ್ಟುಕೊಳ್ಳಬೇಕು. "ನಾನು ತಿರುಪತಿ ಬಿಟ್ಟು ಎಲ್ಲೂ ನೋಡಿಲ್ಲ. ಅಮ್ಮನ್ನ ಬಿಟ್ಟು ಹೊರಡೋಕೆ ಆಗಲ್ಲ." ಪತ್ರದ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ. ಅಕ್ಕ ಒಮ್ಮೆ ಪ್ರಾಧಿಕಾರದ ಆಫೀಸಿಗೆ ಹೋಗಿ ಬಂದಿದ್ದಾರೆ, ಯೋಚನೆ ಮಾಡುತ್ತಿದ್ದಾರೆ. ತಮ್ಮ ಕಾಯುತ್ತಿದ್ದಾರೆ. ಆ ಕಾಯುವಿಕೆ ಅವರಿಗೆ ಕಷ್ಟವಾಗಿದೆ, ಆಗಲಿ ಬಿಡಿ.

ಹಳೇ ಮನೆಯ ಬಗ್ಗೆ ಅಮ್ಮನ ಉತ್ತರ ಎರಡೇ ಮಾತು. ಸೌದೆ ಒಲೆಯ ಪ್ರಸ್ತಾಪ ಬಂದ ಕೂಡಲೇ "ಹೋಗಪ್ಪ, ಆ ಹೊಗೆ ಕುಡಿದೂ ಕುಡಿದೂ ಕಣ್ಣು ಮಂಜಾಗವೆ. ಗ್ಯಾಸು, ಒಳಗೇ ಒಂದು ಕಕ್ಕಸು ಕಟ್ಟಿಸಿದ್ರೆ ಬತ್ತೀನಿ, ಇಲ್ಲಾಂದ್ರೆ ಇಲ್ಲ" ಅಂದರು. ಹದಿನೆಂಟು ಲಕ್ಷದ ಅಂದಾಜು ಈಗ ನಾಲ್ಕಕ್ಕೆ ಇಳಿದಿದೆ. ಹೆಂಚು ಕೈಯಾಡಿಸುವುದು, ಕಕ್ಕಸು, ಗ್ಯಾಸಿಗೆ ಒಂದು ಕಟ್ಟೆ. ಅಟ್ಟ ಉಳಿಸಿಕೊಂಡಿದ್ದಾರೆ.

ಕಳೆದ ತಿಂಗಳು ಅಮ್ಮ ತುಮಕೂರಿಗೆ ಬಂದರು. ಅಕ್ಕ ಕಾಶಿಗೆ ಹೋಗ್ತಿದ್ದಾರೆ ಅಂತ ಗಂಡ ಫೋನ್ ಮಾಡಿ ಹೇಳಿದರು. ಅಮ್ಮ ಹೇಗಿದ್ದಾರೆ ಅಂತ ಕೇಳಿದೆ.

"ಚೆನ್ನಾಗವ್ರೆ ಮೇಡಂ. ಸಂಜೆ ಪಕ್ಕದಲ್ಲಿ ಕೂತು ಹಳೇದೆಲ್ಲ ಕೇಳೋಣ ಅಂತ ಹೋದೆ. ಧಾರಾವಾಹಿ ನೋಡ್ತಿದ್ರು. ಜಾಹೀರಾತು ಬಂದಾಗ ಹೇಳ್ತೀನಿ, ಸುಮ್ನೆ ಕೂತ್ಕೋ ಅಂದ್ರು."

"ಕೂತ್ರಾ?"

"ಕೂತಿದ್ದೀನಿ. ಇನ್ನೂ ಬಂದಿಲ್ಲ ಜಾಹೀರಾತು."